ಮೊಮ್ಮಗಳು ಇಟಾಲಿಯನ್‌ನಲ್ಲೇ ಉತ್ತರ ಕೊಟ್ಟರೆ ಅಜ್ಜಿ ಏನು ಮಾಡಬೇಕು?

ಓದುಗರ ಪ್ರಶ್ನೆ: ಮನೆಮಾತು ವಿಶೇಷ

ಮಕ್ಕಳು ಇಟಲಿಯಲ್ಲಿ ನೆಲೆಸಿರುವ ಮನೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಇಟಾಲಿಯನ್ನರೇ ನೂರೈವತ್ತು ವರ್ಷಗಳಿಂದ ಊರು ಬಿಟ್ಟು ದೇಶಾಂತರ ಹೋದವರು. ಮನೆಮಾತನ್ನು ಕೆಲವು ಕಡೆ ಉಳಿಸಿಕೊಂಡರು, ಹಲವು ಕಡೆ ಕಳೆದುಕೊಂಡರು. ಅವರ ಅನುಭವ ನಮಗೂ ಉಪಯೋಗಕ್ಕೆ ಬರುವುದರಿಂದ ಉತ್ತರಗಳಲ್ಲಿ ಅದೂ ಸೇರಿದೆ.

ಪ್ರಶ್ನೆ: ಮಗಳು, ಅಳಿಯ ಮಿಲಾನ್‌ನಲ್ಲಿದ್ದಾರೆ. ಮೊಮ್ಮಗಳಿಗೆ ಆರು ವರ್ಷ. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಟಾಲಿಯನ್‌ನಲ್ಲಿ. ಮಗಳು ಪಕ್ಕದಲ್ಲಿ ಕೂತು ನಮಗೆ ಕನ್ನಡದಲ್ಲಿ ಹೇಳುತ್ತಾಳೆ. ಭಾನುವಾರ ಒಂದು ಗಂಟೆ ವಿಡಿಯೊ ಕಾಲ್ ಇರುತ್ತದೆ, ಹತ್ತು ನಿಮಿಷಕ್ಕೆ ಮೊಮ್ಮಗಳು ಎದ್ದು ಓಡುತ್ತಾಳೆ. ಅವಳ ಬಾಯಲ್ಲಿ ಕನ್ನಡ ಬರಿಸುವುದು ಹೇಗೆ? (ಒಬ್ಬ ಅಜ್ಜಿ, ತೀರ್ಥಹಳ್ಳಿ)

ಉತ್ತರ: ಮೊದಲು ಮಗಳನ್ನು ಆ ಕುರ್ಚಿಯಿಂದ ಎಬ್ಬಿಸಿ. ಮೊಮ್ಮಗಳು ಇಟಾಲಿಯನ್‌ನಲ್ಲಿ ಹೇಳಿದ್ದು ಅಮ್ಮನ ಬಾಯಿಂದ ಕನ್ನಡವಾಗಿ ಅಜ್ಜಿಗೆ ತಲುಪುತ್ತದೆ ಅಂದಮೇಲೆ ಅವಳು ಯಾಕಾದರೂ ಕಷ್ಟಪಡಬೇಕು? ಕಿವಿಗೆ ಕನ್ನಡ ಬೀಳುತ್ತಿದೆ, ಬಾಯಿ ತೆರೆಯುವ ಅಗತ್ಯ ಮಾತ್ರ ಬಂದಿಲ್ಲ. ನಿಮಗೆ ಇಟಾಲಿಯನ್ ಬಾರದಿರುವುದು ಇಲ್ಲಿ ದೊಡ್ಡ ಅನುಕೂಲ. ಅಮ್ಮ ಅರ್ಥವಾಗದ ಹಾಗೆ ನಟಿಸಿದರೆ ಮಕ್ಕಳು ಕೂಡಲೇ ಕಂಡುಹಿಡಿಯುತ್ತಾರೆ. ನಿಮ್ಮದು ನಟನೆಯಲ್ಲವಲ್ಲ.

ನಾರ್ವೆಯಲ್ಲಿ ಎರಡು ಭಾಷೆಯ ಮನೆಗಳನ್ನು ಅಧ್ಯಯನ ಮಾಡಿದ ಎಲಿಜಬೆತ್ ಲಾಂಝಾ ಎಂಬ ಭಾಷಾವಿಜ್ಞಾನಿ, ಮಗು ಬೇರೆ ಭಾಷೆಯಲ್ಲಿ ಉತ್ತರಿಸಿದಾಗ ದೊಡ್ಡವರು ಏನು ಮಾಡುತ್ತಾರೆ ಎಂಬುದನ್ನು ಐದು ಬಗೆ ಮಾಡಿದ್ದಾರೆ. 'ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳು' ಅನ್ನುವುದು ಒಂದು. ಊಹೆ ಮಾಡಿ ತಮ್ಮ ಭಾಷೆಯಲ್ಲೇ ಪ್ರಶ್ನೆಯಾಗಿ ತಿರುಗಿಸುವುದು ಎರಡು. ಮಗು ಹೇಳಿದ್ದನ್ನೇ ತಮ್ಮ ಭಾಷೆಯಲ್ಲಿ ಒಮ್ಮೆ ಹೇಳಿ ಮುಂದುವರಿಯುವುದು ಮೂರು. ಏನೂ ಆಗಲಿಲ್ಲವೆಂಬಂತೆ ಮಾತು ಮುಂದುವರಿಸುವುದು ನಾಲ್ಕು. ತಾವೂ ಆ ಭಾಷೆಗೆ ಜಾರಿಬಿಡುವುದು ಐದು. ಮೊದಲ ಎರಡು ಮಗುವಿನಿಂದ ಮಾತು ಹೊರಡಿಸುತ್ತವೆ. ಕೊನೆಯ ಎರಡರಿಂದ 'ಇಲ್ಲಿ ಯಾವ ಭಾಷೆ ಆಡಿದರೂ ನಡೆಯುತ್ತದೆ' ಎಂದು ಮಗು ಕಲಿಯುತ್ತದೆ. ಹೆಚ್ಚಿನ ಮನೆಗಳು ನಾಲ್ಕರಲ್ಲಿ ನಿಂತುಬಿಟ್ಟಿವೆ, ಯಾರಿಗೂ ಗೊತ್ತಾಗದೆ.

ಆರು ವರ್ಷ ಅಂದರೆ ಹಾಲುಹಲ್ಲು ಬೀಳುವ ಕಾಲ. ಅದನ್ನೇ ಇಟ್ಟುಕೊಂಡು ನೋಡಿ. ಮಗು 'ಮಿ ಎ ಕದೂತೊ ಉನ್ ದೆಂತೆ' ಅನ್ನುತ್ತದೆ.

'ಎಂತ ಮಾರಾಯ್ತಿ, ನಂಗೆ ಗೊತ್ತಾಗ್ಲಿಲ್ಲ. ತೋರ್ಸು ನೋಡ್ವ.'

ಮಗು ಬಾಯಿ ತೆರೆಯುತ್ತದೆ.

'ಓ, ಹಲ್ಲು ಬಿತ್ತಾ! ಮೇಲಿನ ಹಲ್ಲಾ, ಕೆಳಗಿನ ಹಲ್ಲಾ?'

'ಕೆಳಗಿನ ಹಲ್ಲು.'

'ಯಾವ ಹಲ್ಲು ಬಿತ್ತು?' ಎಂದು ಕೇಳಿದ್ದರೆ ಬೆರಳು ತೋರಿಸಿ ಸುಮ್ಮನಾಗುತ್ತಿತ್ತು. ಅದೋ ಇದೋ ಎಂದು ಕೇಳಿದಾಗ ಬೇಕಾದ ಪದ ಪ್ರಶ್ನೆಯಲ್ಲೇ ಇರುತ್ತದೆ, ಮಗು ಆರಿಸಿ ಹೇಳಿದರೆ ಆಯಿತು. ಅಲ್ಲಿಂದ ಮಾತು ಬೆಳೆಸುವುದು ಸುಲಭ. ಇಟಲಿಯಲ್ಲಿ ಬಿದ್ದ ಹಲ್ಲನ್ನು ದಿಂಬಿನಡಿ ಇಟ್ಟರೆ ಪುಟ್ಟ ಇಲಿ ಬಂದು ನಾಣ್ಯ ಇಟ್ಟುಹೋಗುತ್ತದೆ ಎಂದು ಮಕ್ಕಳಿಗೆ ಹೇಳುತ್ತಾರೆ. ನಮ್ಮಲ್ಲಿ ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುವುದು. ಇದನ್ನು ಹೇಳಿದರೆ ಯಾವ ಮಗು ಎದ್ದು ಓಡುತ್ತದೆ?

ಇನ್ನು ಸಮಯ. ಭಾನುವಾರದ ಒಂದು ಗಂಟೆ ಬಿಟ್ಟು, ವಾರಕ್ಕೆ ನಾಲ್ಕು ದಿನ ಹತ್ತು ಹದಿನೈದು ನಿಮಿಷ ಮಾಡಿ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ. ಅಲ್ಲಿ ಪೂರ್ಣಾವಧಿಯ ಪ್ರಾಥಮಿಕ ಶಾಲೆ ಬಿಡುವುದು ಸಂಜೆ ನಾಲ್ಕೂವರೆ ಹೊತ್ತಿಗೆ. ಮಗು ಮನೆಗೆ ಬಂದು, ತಿಂಡಿ ತಿಂದು ಕೂರುವಷ್ಟರಲ್ಲಿ ತೀರ್ಥಹಳ್ಳಿಯಲ್ಲಿ ರಾತ್ರಿ ಒಂಬತ್ತು, ಚಳಿಗಾಲವಾದರೆ ಹತ್ತು. ಇಬ್ಬರಿಗೂ ನಿದ್ದೆ. ಅದಕ್ಕಿಂತ ಬೆಳಿಗ್ಗೆ ಏಳೂವರೆಗೆ ಅವಳು ಹಾಲು ಕುಡಿಯುವಾಗ ಫೋನನ್ನು ಮೇಜಿನ ಮೇಲೆ ನಿಲ್ಲಿಸಲಿ. ನಿಮಗದು ಬೆಳಿಗ್ಗೆ ಹನ್ನೊಂದು, ಚಳಿಗಾಲದಲ್ಲಿ ಹನ್ನೆರಡು. ನೀವು ತರಕಾರಿ ಹೆಚ್ಚುತ್ತ ಕೂತಿರಿ. ಎದುರುಬದುರು ಮುಖ ನೋಡುತ್ತ ಕೂತರೆ ಮಕ್ಕಳಿಗೆ ಪರೀಕ್ಷೆಯ ಹಾಗೆ ಅನ್ನಿಸುತ್ತದೆ. ಕೈಗೆ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ.

'ಊಟ ಆಯ್ತಾ, ಶಾಲೆಗೆ ಹೋಗಿದ್ಯಾ' ಎಂಬ ಪ್ರಶ್ನೆಗೆ 'ಹ್ಞೂಂ' ಬಿಟ್ಟರೆ ಬೇರೆ ಉತ್ತರವಿಲ್ಲ. ಒಂದೇ ಚಿತ್ರಪುಸ್ತಕದ ಎರಡು ಪ್ರತಿ ತರಿಸಿ, ಒಂದು ಅಲ್ಲಿ, ಒಂದು ನಿಮ್ಮಲ್ಲಿ. ಪ್ರಥಮ್ ಬುಕ್ಸ್‌ನ ಕನ್ನಡ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ, ಅವರ ಸ್ಟೋರಿವೀವರ್ ಜಾಲತಾಣದಲ್ಲಿ ದುಡ್ಡಿಲ್ಲದೆಯೂ ಓದಬಹುದು. ಪುಟಕ್ಕೆ ನಾಲ್ಕು ಸಾಲಿಗಿಂತ ಹೆಚ್ಚು ಇರಬಾರದು. ಪುಸ್ತಕವನ್ನು ಒಂದೇ ಉಸಿರಿಗೆ ಓದಿ ಮುಗಿಸಬೇಡಿ, ಪುಟಪುಟಕ್ಕೂ ನಿಂತು ಮಗುವಿಗೆ ಬಾಯಿ ಹಾಕಲು ಜಾಗ ಬಿಡಿ. ಅದೇ ಪುಸ್ತಕ ಐದು ಸಲ ಆದರೂ ಬೇಸರಿಸಬೇಡಿ. ಐದನೇ ಸಲ ಓದುವುದು ಅವಳೇ.

ಮಾಡಲೇಬಾರದ್ದು ಎರಡು. ನೆಂಟರು ಬಂದಾಗ 'ಎಲ್ಲಿ, ಕನ್ನಡ ಮಾತಾಡು ನೋಡ್ವ' ಎಂದು ಪ್ರದರ್ಶನಕ್ಕೆ ನಿಲ್ಲಿಸುವುದು. ತಪ್ಪಿದಾಗ ಎಲ್ಲರೂ ಸೇರಿ ನಗುವುದು. ಪ್ರೀತಿಯಿಂದಲೇ ನಕ್ಕಿರಬಹುದು, ಮಗು ಆ ಪದವನ್ನು ಮತ್ತೆ ಬಾಯಿಗೆ ತರುವುದಿಲ್ಲ.

ಪ್ರಶ್ನೆ: ತಮಿಳು, ಮಲಯಾಳಕ್ಕೆ ಹತ್ತಿರದ ನಮ್ಮ ಸಂಕೇತಿ ಮಾತು ಇಷ್ಟು ಶತಮಾನ ಉಳಿದು ಬಂದಿದೆ. ಅಮೆರಿಕಕ್ಕೆ ಹೋದ ಇಟಾಲಿಯನ್ನರು ಮೂರೇ ತಲೆಮಾರಿಗೆ ತಮ್ಮ ಭಾಷೆ ಕಳೆದುಕೊಂಡರಂತೆ. ಅಷ್ಟು ದೊಡ್ಡ ಭಾಷೆ ಅಷ್ಟು ಬೇಗ ಹೋಗಲು ಕಾರಣವೇನು? (ಮತ್ತೂರಿನಿಂದ ಒಬ್ಬ ಓದುಗರು)

ಉತ್ತರ: ಬಹುಪಾಲು ಹಾಗೇ ಆಯಿತು. 1880ರಿಂದ 1924ರ ನಡುವೆ 40 ಲಕ್ಷಕ್ಕೂ ಹೆಚ್ಚು ಇಟಾಲಿಯನ್ನರು ಅಮೆರಿಕ ಸೇರಿದರು. ಹೆಚ್ಚಿನವರು ನೇಪಲ್ಸ್, ಕಲಾಬ್ರಿಯ, ಸಿಸಿಲಿಯ ಬಡ ರೈತರು, ಕೂಲಿಯವರು. 2000ದ ಜನಗಣತಿಯಲ್ಲಿ ಒಂದೂವರೆ ಕೋಟಿಗೂ ಮಿಕ್ಕಿ ಜನ ತಮ್ಮ ಮೂಲ ಇಟಲಿ ಎಂದು ಬರೆಸಿದರು. ಮನೆಯಲ್ಲಿ ಇಟಾಲಿಯನ್ ಆಡುತ್ತೇವೆ ಎಂದವರು ಸುಮಾರು 10 ಲಕ್ಷ. 2011ರ ಹೊತ್ತಿಗೆ ಅದೂ ಸುಮಾರು 7 ಲಕ್ಷಕ್ಕೆ ಇಳಿದಿತ್ತು.

ಸಾಮಾನ್ಯವಾಗಿ ಎಲ್ಲರೂ ಎರಡನೇ ಮಹಾಯುದ್ಧದತ್ತ ಬೆರಳು ಮಾಡುತ್ತಾರೆ. ಯುದ್ಧ ಶುರುವಾದಾಗ ಅಮೆರಿಕದ ಪೌರತ್ವ ಪಡೆಯದ ಸುಮಾರು 6 ಲಕ್ಷ ಇಟಾಲಿಯನ್ನರನ್ನು ಶತ್ರುದೇಶದವರೆಂದು ಪಟ್ಟಿ ಮಾಡಿದ್ದು ನಿಜ. 'ಶತ್ರುವಿನ ಭಾಷೆ ಆಡಬೇಡಿ' ಎಂಬ ಭಿತ್ತಿಪತ್ರ ಅಂಟಿಸಿದ್ದೂ ನಿಜ. 1942ರ ಅಕ್ಟೋಬರ್‌ನಲ್ಲಿ ಆ ಹಣೆಪಟ್ಟಿ ತೆಗೆದರು. ಆದರೆ ಯುದ್ಧಕ್ಕೂ ಮೊದಲೇ ಬೇರು ಸಡಿಲವಾಗಿತ್ತು. 1924ರ ವಲಸೆ ಕಾನೂನು ಇಟಲಿಯಿಂದ ಬರುವವರನ್ನು ವರ್ಷಕ್ಕೆ ನಾಲ್ಕು ಸಾವಿರದೊಳಗೆ ತಂದು ನಿಲ್ಲಿಸಿತು. ಇಂಗ್ಲಿಷ್ ಬಾರದ ಹೊಸ ಸೊಸೆ, ಊರಿಂದ ಬರುವ ಅತ್ತೆ, ಚಿಕ್ಕಪ್ಪನ ಮಗ, ಇವರೆಲ್ಲ ಮನೆಗೆ ಬರುವುದು ನಿಂತಿತು.

ಇದಕ್ಕಿಂತ ದೊಡ್ಡ ಕಾರಣ ಮದುವೆಗಳಲ್ಲಿದೆ. ಇಟಲಿ ಒಂದು ದೇಶವಾದದ್ದು 1861ರಲ್ಲಿ. ಆಗ ನಾವು ಇಂದು ಇಟಾಲಿಯನ್ ಅನ್ನುವ ಭಾಷೆ ಬಲ್ಲವರು ಶೇ. 2.5ರಿಂದ ಶೇ. 10ರ ನಡುವೆ ಇದ್ದರು ಎಂದು ವಿದ್ವಾಂಸರ ಅಂದಾಜು. ಉಳಿದವರದ್ದು ಸಿಸಿಲಿಯನ್, ನೇಪಲ್ಸಿನ ಮಾತು, ಈಶಾನ್ಯದ ವೆನೆತೊ ಸೀಮೆಯ ವೆನೆತೊ ಮಾತು, ಹೀಗೆ. ಹೆಸರಿಗೆ ಉಪಭಾಷೆಗಳು, ಒಬ್ಬರದು ಇನ್ನೊಬ್ಬರಿಗೆ ಸುಲಭಕ್ಕೆ ತಿಳಿಯದು. ನ್ಯೂಯಾರ್ಕಿನಲ್ಲಿ ನೇಪಲ್ಸಿನವರ ಮಗಳು ಸಿಸಿಲಿಯವರ ಮಗನನ್ನು ಮದುವೆಯಾದಾಗ ಇಬ್ಬರಿಗೂ ಸಲೀಸಾಗಿದ್ದು ಶಾಲೆಯಲ್ಲಿ ಕಲಿತ ಇಂಗ್ಲಿಷ್. ಅಡುಗೆಮನೆಯ ಭಾಷೆ ಅಂದೇ ಬದಲಾಯಿತು. ಮೊಮ್ಮಕ್ಕಳು ಕಲಿಯಲಿಲ್ಲ ಎಂದು ದೂರುವವರು ಇದನ್ನು ಮರೆಯುತ್ತಾರೆ: ಆ ಮಕ್ಕಳಿಗೆ ಕಲಿಯುವಷ್ಟು ಯಾರೂ ಆಡಲೇ ಇಲ್ಲ. ಮೊಮ್ಮಗುವಿನ ಮಾತು ನಿರ್ಧಾರವಾಗುವುದು ನಡುವಿನ ತಲೆಮಾರು ಮನೆ ಹೂಡಿದಾಗ.

ಉಳಿದ ಕಡೆಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಮೆಕ್ಸಿಕೊದ ಪ್ಯೂಬ್ಲಾ ರಾಜ್ಯದ ಚಿಪಿಲೊ ಎಂಬ ಊರಿಗೆ 1882ರಲ್ಲಿ ವೆನೆತೊದ ಸೆಗುಸಿನೊ ಊರು ಮತ್ತು ಅದರ ಆಸುಪಾಸಿನ ರೈತರು ಬಂದು ನೆಲೆಸಿದರು. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಮಾತು, ಕಸುಬು ಹೈನುಗಾರಿಕೆ, ಸಂಬಂಧ ತಮ್ಮತಮ್ಮೊಳಗೆ. ಅಲ್ಲಿ ವೆನೆತೊ ಇವತ್ತಿಗೂ ಕೇಳಿಸುತ್ತದೆ. ದಕ್ಷಿಣ ಬ್ರೆಜಿಲ್‌ನ ಗುಡ್ಡಗಳಿಗೆ 1875ರಿಂದ ಹೋದವರಲ್ಲೂ ವೆನೆತೊದವರೇ ಹೆಚ್ಚು. ಅಕ್ಕಪಕ್ಕದ ಮಾತುಗಳು ಬೆರೆತು ಅಲ್ಲಿ ತಾಲಿಯನ್ ಎಂಬ ಭಾಷೆ ಹುಟ್ಟಿತು. ಆಗಿನ ಅಧ್ಯಕ್ಷ ವರ್ಗಾಸ್ ಅವರ ಸರ್ಕಾರ 1937ರ ನಂತರ ಹೊರದೇಶದ ಭಾಷೆಗಳನ್ನು ಹತ್ತಿಕ್ಕಿದರೂ ಅದು ಸಾಯಲಿಲ್ಲ. 2009ರಲ್ಲಿ ಸೆರಾಫಿನಾ ಕೊರೆಯಾ ಪಟ್ಟಣ ಅದನ್ನು ಪೋರ್ಚುಗೀಸ್ ಜೊತೆಗೆ ಅಧಿಕೃತ ಭಾಷೆ ಮಾಡಿಕೊಂಡಿತು, 2014ರಲ್ಲಿ ಬ್ರೆಜಿಲ್ ಸರ್ಕಾರ ಅದನ್ನು ದೇಶದ ಸಾಂಸ್ಕೃತಿಕ ಪರಂಪರೆಯ ಭಾಗವೆಂದು ಒಪ್ಪಿತು.

ಮತ್ತೂರು, ಹೊಸಹಳ್ಳಿಗಳ ಸಂಕೇತಿ ಉಳಿದ ಬಗೆಯೂ ಇದೇ ಜಾತಿಯದು. ತುಂಗೆಯ ದಡದಲ್ಲಿ ಒತ್ತೊತ್ತಾಗಿ ಮನೆ, ಅಡಿಕೆ ತೋಟ, ಸಂಬಂಧ ಒಳಗೊಳಗೇ. ಶಾಲೆಯಲ್ಲಿ ಕನ್ನಡ, ಪಾಠಶಾಲೆಯಲ್ಲಿ ಸಂಸ್ಕೃತ, ಮನೆಯಲ್ಲಿ ಸಂಕೇತಿ ಎಂದು ಜಾಗ ಹಂಚಿಹೋಗಿತ್ತು. ಸ್ವಂತ ಲಿಪಿ ಇಲ್ಲದಿದ್ದರೂ ಕುಂದಾಗಲಿಲ್ಲ. ಈಗ ಅದೇ ಮನೆಗಳ ಮಕ್ಕಳು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿದ್ದಾರೆ, ಸಂಗಾತಿ ಬೇರೆ ಮನೆಮಾತಿನವರು. ನ್ಯೂಯಾರ್ಕಿನಲ್ಲಿ ನಡೆದದ್ದು ನಡೆಯಲು ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಸಂಬಂಧ ಒಳಗೇ ಮಾಡಿ ಎಂದು ಹೇಳುವುದು ನಮ್ಮ ಕೆಲಸವಲ್ಲ. ಹೊರಗಿನಿಂದ ಬಂದ ಸೊಸೆಗೆ ಸಂಕೇತಿ ಅರ್ಥವಾಗುವಷ್ಟಾದರೂ ಕಲಿಸಿ, ಅವಳಿದ್ದಾಗ ಮನೆಮಂದಿಯೆಲ್ಲ ಕನ್ನಡಕ್ಕೆ ತಿರುಗುವ ಶಿಷ್ಟಾಚಾರ ಬಿಡಿ. ಅವಳಿಗೆ ತಿಳಿಯದ ಕಡೆ ಒಂದು ಮಾತಿನಲ್ಲಿ ವಿವರಿಸಿ ಮುಂದುವರಿದರೆ ಸಾಕು.

ಪ್ರಶ್ನೆ: ನಾವು ಮನೆಯಲ್ಲಿ ಹವ್ಯಕ ಮಾತಾಡುವವರು. ಮಗ ಸೊಸೆ ರೋಮ್‌ನಲ್ಲಿದ್ದಾರೆ. ಮಗು ಹವ್ಯಕ ಕಲಿತರೆ ಮುಂದೆ ಕನ್ನಡ ಓದಲು ತೊಡಕಾದೀತು, 'ಸರಿಯಾದ ಕನ್ನಡ'ವನ್ನೇ ಕಲಿಸೋಣ ಎನ್ನುತ್ತಾಳೆ ಸೊಸೆ. ಯಾವುದು ಸರಿ? (ಸಾಗರ)

ಉತ್ತರ: ಹವ್ಯಕವನ್ನೇ ಆಡಿ. ದಣಿದಾಗ, ಸಿಟ್ಟು ಬಂದಾಗ, ಮುದ್ದು ಮಾಡುವಾಗ ನಿಮ್ಮ ಬಾಯಲ್ಲಿ ಬರುವುದು ಅದೇ ತಾನೇ. 'ಉಂಬದು, ಹೋಪದು, ಬಪ್ಪದು' ಬಿಟ್ಟು 'ಊಟ ಮಾಡುವುದು, ಹೋಗುವುದು, ಬರುವುದು' ಎಂದು ಹುಷಾರಾಗಿ ಆಡಲು ಹೊರಟ ತಾಯಿ ದಿನಕ್ಕೆ ಆಡುವ ಮಾತೇ ಕಡಿಮೆಯಾಗುತ್ತದೆ. ಅಜ್ಜನ ಮನೆಗೆ ಬಂದಾಗ ಮಗುವಿಗೆ ಯಾರ ಮಾತೂ ತಿಳಿಯದ ಪರಿಸ್ಥಿತಿ ಬೇರೆ.

ಇಟಾಲಿಯನ್ನರು ಈ ತಪ್ಪಿಗೆ ದುಬಾರಿ ಬೆಲೆ ತೆತ್ತಿದ್ದಾರೆ. ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಅಜ್ಜಿಯಿಂದ ಕಲಾಬ್ರಿಯದ ಮಾತೋ ವೆನೆತೊವೋ ಕಲಿತ ಮಕ್ಕಳು ಶನಿವಾರದ ಇಟಾಲಿಯನ್ ತರಗತಿಗೆ ಹೋದರೆ ಅಲ್ಲಿ ಪುಸ್ತಕದ ಇಟಾಲಿಯನ್. ಮಗು ತನಗೆ ಗೊತ್ತಿದ್ದ ಪದ ಹೇಳಿದರೆ 'ಅದು ತಪ್ಪು'. ಮನೆಯಲ್ಲಿ ಆಡುವುದು ಕೊಳಕು ಮಾತು ಎಂದು ತಲೆಗೆ ಹೋದಮೇಲೆ ಮಕ್ಕಳು ಅಜ್ಜಿಯ ಮಾತನ್ನೂ ಬಿಟ್ಟರು, ಪುಸ್ತಕದ್ದನ್ನೂ ಹಿಡಿಯಲಿಲ್ಲ.

ಹವ್ಯಕ ಬಲ್ಲ ಮಗುವಿಗೆ ಬರಹದ ಕನ್ನಡ ದೂರವಿಲ್ಲ. ಮೂರು ವರ್ಷ ತುಂಬಿದ ಮೇಲೆ ರಾತ್ರಿ ಕಥೆಪುಸ್ತಕವನ್ನು ಇದ್ದ ಹಾಗೆ ಓದಿ, ಕಥೆಯ ಬಗ್ಗೆ ಮಾತು ಹವ್ಯಕದಲ್ಲಿ ನಡೆಸಿ. ಪುಸ್ತಕಕ್ಕೊಂದು ಬಗೆ, ಮನೆಗೊಂದು ಬಗೆ ಎಂದು ಮಗು ತಾನೇ ವಿಂಗಡಿಸಿಕೊಳ್ಳುತ್ತದೆ. ಸಾಗರದಲ್ಲಿ ಶಾಲೆಗೆ ಹೋಗುವ ಎಲ್ಲ ಹವ್ಯಕ ಮಕ್ಕಳೂ ಮಾಡುತ್ತಿರುವುದು ಇದನ್ನೇ, ಅಲ್ದಾ?

ಪ್ರಶ್ನೆ: ಮಗ ಟೂರಿನ್‌ನಲ್ಲಿ ಇಂಜಿನಿಯರ್. ಸೊಸೆ ಇಟಲಿಯವಳು. ಅವರಿಬ್ಬರ ನಡುವೆ ಇಂಗ್ಲಿಷ್. ಮೊಮ್ಮಗನಿಗೆ 14 ತಿಂಗಳು. ಮೂರು ಭಾಷೆ ಹೇರಿದರೆ ಮಾತು ತಡವಾಗುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಕನ್ನಡ ಬಿಡಬೇಕೆ? (ಹೊಸನಗರ)

ಉತ್ತರ: ಬಿಡಬೇಡಿ. ಹಲವು ಭಾಷೆ ಕೇಳಿ ಬೆಳೆಯುವ ಮಕ್ಕಳೂ ಉಳಿದ ಮಕ್ಕಳ ವಯಸ್ಸಿಗೇ ಮೊದಲ ಪದ ಆಡುತ್ತಾರೆ. ಒಂದೊಂದು ಭಾಷೆಯಲ್ಲಿ ಪದ ಕಡಿಮೆ ಕಾಣುತ್ತದೆ. ಹಾಗಾಗಿ ಲೆಕ್ಕ ಹಾಕುವಾಗ ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿ. 'ಅಕ್ಕ್ವಾ ಬೇಕು' ಎಂದು ಬೆರೆಸಿದರೆ ಅದು ಗೊಂದಲವಲ್ಲ, ಕೈಗೆ ಸಿಕ್ಕ ಪದ ಬಳಸುವ ಜಾಣತನ. ನೋಡಿಕೊಳ್ಳಬೇಕಾದದ್ದು ಬೇರೆ: 16 ತಿಂಗಳಾದರೂ ಯಾವ ಭಾಷೆಯಲ್ಲೂ ಒಂದು ಪದವಿಲ್ಲ, ಎರಡು ವರ್ಷಕ್ಕೂ ಎರಡು ಪದ ಜೋಡಿಸುವುದಿಲ್ಲ, ಕರೆದರೆ ತಿರುಗುವುದಿಲ್ಲ, ಬಂದಿದ್ದ ಮಾತು ನಿಂತುಹೋಯಿತು. ಹೀಗಿದ್ದರೆ ಭಾಷೆಯನ್ನು ದೂರುತ್ತ ಕೂರದೆ ಮೊದಲು ಕಿವಿ ಪರೀಕ್ಷೆ ಮಾಡಿಸಿ, ಮಕ್ಕಳ ವೈದ್ಯರಿಗೆ ತೋರಿಸಿ.

ನಿಜವಾದ ತೊಡಕು ಇರುವುದು ನಿಮ್ಮ ಮಗನ ಬಳಿ. ಬೆಲ್ಜಿಯಮ್ಮಿನ ಡಚ್ ಭಾಷೆಯ ಭಾಗದಲ್ಲಿ ಸುಮಾರು 1,900 ಕುಟುಂಬಗಳಿಂದ ಮಾಹಿತಿ ಪಡೆದು ಆನಿಕ್ ಡ ಹೌವರ್ ಎಂಬ ಭಾಷಾವಿಜ್ಞಾನಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಂದೆತಾಯಿ ಇಬ್ಬರೂ ಮನೆಯಲ್ಲಿ ಊರ ಭಾಷೆ ಬಿಟ್ಟು ತಮ್ಮ ಭಾಷೆಯನ್ನೇ ಆಡಿದ ಮನೆಗಳಲ್ಲಿ ನೂರಕ್ಕೆ ಸುಮಾರು 97 ಕಡೆ ಮಕ್ಕಳು ಅದನ್ನು ಆಡಿದರು. ಒಬ್ಬರದು ಒಂದು ಭಾಷೆ, ಇನ್ನೊಬ್ಬರದು ಊರ ಭಾಷೆ ಎಂದಾದರೆ ಸುಮಾರು 74. ಇಬ್ಬರೂ ಊರ ಭಾಷೆ ಆಡುತ್ತ, ಒಬ್ಬರು ಮಾತ್ರ ನಡುನಡುವೆ ತಮ್ಮದನ್ನೂ ಆಡಿದರೆ ಸುಮಾರು 36. ಅಪ್ಪ ಕನ್ನಡವನ್ನು ಬಿಟ್ಟೂಬಿಡದೆ ಆಡಿದರೂ ನಾಲ್ಕರಲ್ಲಿ ಒಂದು ಮನೆಯಲ್ಲಿ ಫಲವಿಲ್ಲ ಎಂದಾಯಿತು. ಮೂರು ಭಾಷೆಯ ಮನೆಯಲ್ಲಿ ಇನ್ನೂ ಬಿಗಿ ಬೇಕು.

ಹಾಗಾಗಿ ಗಂಟೆಗಳ ಲೆಕ್ಕ ಹಾಕಿ. ಎಚ್ಚರವಿರುವ ಸಮಯದಲ್ಲಿ ಐದನೇ ಒಂದು ಭಾಗಕ್ಕಿಂತ ಕಡಿಮೆ ಕೇಳಿದ ಭಾಷೆಯನ್ನು ಮಕ್ಕಳು ಆಡಲು ಹಿಂಜರಿದದ್ದು ಅಧ್ಯಯನಗಳಲ್ಲಿ ಕಂಡಿದೆ. ದಿನಕ್ಕೆ 12 ಗಂಟೆಯಂತೆ ವಾರಕ್ಕೆ 84, ಅದರ ಐದನೇ ಒಂದು ಭಾಗ ಸುಮಾರು 17. ಕೆಲಸದ ದಿನಗಳಲ್ಲಿ ಸ್ನಾನ, ಊಟ, ಮಲಗಿಸುವುದು ಅಪ್ಪನದಾದರೆ ದಿನಕ್ಕೆ ಒಂದೂವರೆ ಗಂಟೆ, ಐದು ದಿನಕ್ಕೆ ಏಳೂವರೆ. ಶನಿವಾರ, ಭಾನುವಾರ ಐದೈದು ಗಂಟೆ. ಕೂಡಿಸಿದರೆ ಹದಿನೇಳೂವರೆ, ಅಂದರೆ ಅಂಚಿನಲ್ಲೇ ಇದ್ದೀರಿ. ಮೊಬೈಲ್ ನೋಡುತ್ತ ಮಗುವಿನ ಪಕ್ಕ ಕೂತ ಗಂಟೆ ಇದರಲ್ಲಿ ಸೇರುವುದಿಲ್ಲ.

ಇನ್ನೊಂದು ಕೊರತೆ, ಆ ಮನೆಯಲ್ಲಿ ಇಬ್ಬರು ದೊಡ್ಡವರು ಕನ್ನಡದಲ್ಲಿ ಹರಟುವುದು ಮಗುವಿನ ಕಿವಿಗೆ ಬೀಳುವುದೇ ಇಲ್ಲ. ಅದನ್ನು ತುಂಬಿಕೊಡಲು ನಿಮ್ಮಿಂದ ಆಗುತ್ತದೆ. ಮಗ ಅಡುಗೆ ಮಾಡುವಾಗ ನಿಮ್ಮ ಕರೆಯನ್ನು ಸ್ಪೀಕರ್‌ಗೆ ಹಾಕಿ ಅಡಿಕೆ ರೇಟು, ಮಳೆ, ಪಕ್ಕದ ಮನೆಯ ಮದುವೆ ಎಲ್ಲ ಮಾತಾಡಲಿ. ಸೊಸೆ ಮನೆಬಳಕೆಯ ಇನ್ನೂರು ಪದ ಕಲಿತರೆ ತನ್ನ ಮನೆಯಲ್ಲೇ ಹೊರಗಿನವಳಾದೆ ಎಂದು ಅವಳಿಗೆ ಅನ್ನಿಸುವುದಿಲ್ಲ. ಅವಳು ಬೇಸರಗೊಂಡ ದಿನ ಮಗನೂ ಕನ್ನಡ ನಿಲ್ಲಿಸುತ್ತಾನೆ. ಇಂಗ್ಲಿಷನ್ನು ಮಗುವಿನತ್ತ ತಿರುಗಿಸುವ ಅಗತ್ಯವೇ ಇಲ್ಲ, ಅಪ್ಪ ಅಮ್ಮನ ಮಾತು ಕೇಳಿ, ಶಾಲೆಗೆ ಹೋಗಿ ತಾನಾಗಿ ಬರುತ್ತದೆ.

ಪ್ರಶ್ನೆ: ಬೊಲೋನ್ಯಾದಲ್ಲಿರುವ ಎಂಟು ವರ್ಷದ ಮೊಮ್ಮಗ ಈ ಬೇಸಿಗೆ ರಜೆಗೆ ಎರಡು ತಿಂಗಳು ನಮ್ಮಲ್ಲಿರುತ್ತಾನೆ. ಮಾತು ಪರವಾಗಿಲ್ಲ. ಓದು ಬರಹ ಕಲಿಸಿ ಕಳಿಸಬೇಕೆಂದಿದೆ. ಹೇಗೆ ಶುರು ಮಾಡುವುದು? (ಕೊಪ್ಪ)

ಉತ್ತರ: ಅವರ ಬೇಸಿಗೆ ರಜೆ ನಮ್ಮ ಜಡಿಮಳೆ. ಇಟಲಿಯ ಶಾಲೆಗಳು ಜೂನ್ ಎರಡನೇ ವಾರದ ಹೊತ್ತಿಗೆ ಮುಚ್ಚಿ ಸೆಪ್ಟೆಂಬರ್ ಮಧ್ಯಕ್ಕೆ ತೆರೆಯುತ್ತವೆ. ಆಗ ಕೊಪ್ಪದ ಮಕ್ಕಳೆಲ್ಲ ಶಾಲೆಯಲ್ಲಿರುತ್ತಾರೆ, ಅಂಗಳಕ್ಕೆ ಇಳಿಯುವ ಹಾಗೂ ಇಲ್ಲ. ಹೀಗೆ ಬಂದ ಮಕ್ಕಳು ಎರಡು ತಿಂಗಳು ಟಿವಿ ಮುಂದೆ ಕಳೆದು ಹೋಗುತ್ತಾರೆ. ಊರಿನ ಶಾಲೆಯ ಮುಖ್ಯೋಪಾಧ್ಯಾಯರನ್ನು ಮೊದಲೇ ಕಂಡು, ಕೆಲವು ದಿನ ಮೂರನೇ ತರಗತಿಯಲ್ಲಿ ಕೂರಿಸಿಕೊಳ್ಳಲು ಸಾಧ್ಯವೇ ಎಂದು ವಿಚಾರಿಸಿ. ಆಗದಿದ್ದರೆ ಸಂಜೆಗೆ ಪಕ್ಕದ ಮನೆಯ ಮಕ್ಕಳನ್ನು ಕರೆಯಿರಿ. ಇಂಗ್ಲಿಷ್ ಬಾರದ ಗೆಳೆಯ ಒಬ್ಬ ಸಿಕ್ಕರೂ ಗೆದ್ದಿರಿ. ಬೆಂಗಳೂರಿನ ಅತ್ತೆಯ ಮಕ್ಕಳು ಬಂದ ವಾರ ಎಲ್ಲರೂ ಇಂಗ್ಲಿಷಿಗೆ ಇಳಿಯುತ್ತಾರೆ, ಅದಕ್ಕೆ ತಯಾರಿರಿ.

ಅಕ್ಷರಕ್ಕೆ ವಾರಕ್ಕೆ ಐದು ದಿನ, ದಿನಕ್ಕೆ 20 ನಿಮಿಷ ಸಾಕು. ಅ ಆ ಇ ಈ ಎಂದು 49 ಅಕ್ಷರ ಬಾಯಿಪಾಠ ಮಾಡಿಸುವ ಹಳೇ ದಾರಿ ಹಿಡಿದರೆ ಮೂರು ವಾರವಾದರೂ ಮಗುವಿಗೆ ಒಂದು ಪದ ಓದಲು ಬರುವುದಿಲ್ಲ. ನಮ್ಮ ಒಂದನೇ ತರಗತಿಯ ಕ್ರಮವೇ ಒಳ್ಳೆಯದು. ಮೊದಲ ವಾರ ರ, ಗ, ಸ, ದ, ಅ. ಇಷ್ಟರಲ್ಲೇ ಸರ, ರಸ, ದರ, ಅಗಸ, ಅರಸ, ಗರಗಸ ಓದಬಹುದು. ಎರಡನೇ ವಾರ ಜ, ವ, ಮ, ಬ, ನ ಸೇರಿದರೆ ಮರ, ಜನ, ವನ, ನಗರ. ಹತ್ತು ಮಹಾಪ್ರಾಣಗಳನ್ನೂ ಙ, ಞಗಳನ್ನೂ ಈ ಸಲಕ್ಕೆ ಬಿಡಿ. ಆಗ 34 ವ್ಯಂಜನಗಳಲ್ಲಿ ಉಳಿಯುವುದು 22, ಐದನೇ ವಾರಕ್ಕೆ ಸ್ವರಗಳ ಸಮೇತ ಮುಗಿಯುತ್ತದೆ. ಪ ಮತ್ತು ಷ ಒಂದೇ ವಾರ ಬೇಡ, ಕಣ್ಣಿಗೆ ಒಂದೇ ಥರ ಕಾಣುತ್ತವೆ. ಉಳಿದ ಮೂರು ವಾರ ಕಾಗುಣಿತಕ್ಕೆ. ಎ ಬಿ ಸಿ ಬರೆದು ರೂಢಿಯಾದ ಮಗು 'ರಾ' ಬರೆಯಲು 'ರಅ' ಎಂದು ಸಾಲಾಗಿ ಬರೆಯುತ್ತದೆ. ಒಂದೇ ಅಕ್ಷರದ ಮೇಲೆ ರ, ರಾ, ರಿ, ರೀ ಎಂದು ಕೈ ಪಳಗಿಸಿ, ಆಮೇಲೆ ಬೇರೆ ಅಕ್ಷರಕ್ಕೆ ಹೋಗಿ. ಒತ್ತಕ್ಷರ ಕೊನೆಗೆ, ಅದರಲ್ಲೂ ಅಮ್ಮ, ಅಜ್ಜಿ, ಅಪ್ಪ, ಹಳ್ಳಿಗಳಂಥ ಸಜಾತೀಯ ಒತ್ತು ಮೊದಲು.

ಇಟಾಲಿಯನ್ ಕಿವಿ ಎಲ್ಲಿ ಎಡವುತ್ತದೆ ಎಂದು ಗೊತ್ತಿದ್ದರೆ ಅರ್ಧ ಕೆಲಸ ಹಗುರ. ಆ ಭಾಷೆಯಲ್ಲಿ ಒತ್ತಿ ಹೇಳುವ ವ್ಯಂಜನಗಳು ಬೇಕಾದಷ್ಟಿವೆ, ಹಾಗಾಗಿ 'ಅಮ್ಮ', 'ಅಪ್ಪ' ಕಷ್ಟವಿಲ್ಲ. ಆದರೆ ಹ್ರಸ್ವ, ದೀರ್ಘ ಸ್ವರದಿಂದ ಅಲ್ಲಿ ಅರ್ಥ ಬದಲಾಗುವುದಿಲ್ಲ. ನಿಮ್ಮ ಮೊಮ್ಮಗ ಕರು, ಕಾರು ಎರಡನ್ನೂ ಒಂದೇ ಹಾಗೆ ಬರೆದಾನು. ಬಲ, ಬಾಲ, ಕರು, ಕಾರು ಚಿತ್ರಗಳನ್ನು ಎದುರಿಗಿಟ್ಟು, ನೀವು ಹೇಳಿದ್ದನ್ನು ಅವನು ಮುಟ್ಟುವ ಆಟ ಆಡಿಸಿ. ಆಮೇಲೆ ಅವನು ಹೇಳಲಿ, ನೀವು ಮುಟ್ಟಿ. ತ, ದ ಸಲೀಸು. ಟ, ಡ, ಣ, ಳ ಇಲ್ಲದ ಭಾಷೆಯಾದ್ದರಿಂದ ಮನೆ ಮಣೆ, ಬೆಲೆ ಬೆಳೆ, ಕಲೆ ಕಳೆ ಜೋಡಿಗಳಿಗೂ ಇದೇ ಆಟ. ಇಟಾಲಿಯನ್‌ನಲ್ಲಿ ಹಕಾರದ ಉಚ್ಚಾರವಿಲ್ಲ, 'ಹಲ್ಲು' ಅವನ ಬಾಯಲ್ಲಿ 'ಅಲ್ಲು' ಆಗುತ್ತದೆ. ಹಳೇ ಮೈಸೂರಿನ ಎಷ್ಟೋ ಹಳ್ಳಿಗಳಲ್ಲೂ ಹಾಗೇ ಅನ್ನುತ್ತಾರೆ, ಅದಕ್ಕಾಗಿ ಬೈಯುವುದು ಬೇಡ.

ವಾಪಸು ಹೋದಮೇಲೆ ಕಲಿತದ್ದು ಕ್ರಿಸ್‌ಮಸ್‌ ಒಳಗೆ ಮರೆತುಹೋಗುವುದೇ ಹೆಚ್ಚು. ಅವನು ಹೊರಡುವ ಮೊದಲೇ ಅಪ್ಪ ಅಮ್ಮನ ಫೋನಿಗೆ ಕನ್ನಡ ಕೀಲಿಮಣೆ ಹಾಕಿಸಿ, ದಿನಕ್ಕೊಂದು ಸಾಲು ವಾಟ್ಸ್ಆ್ಯಪ್‌ನಲ್ಲಿ ಬರೆಯಲಿ. ನೀವೂ ಕನ್ನಡ ಅಕ್ಷರದಲ್ಲೇ ಉತ್ತರಿಸಿ. 'ಊಟ ಆಯ್ತಾ' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಅಜ್ಜನಿಗೆ ಮೊಮ್ಮಗನ ಲಿಪಿ ಉಳಿಸಲು ಆಗದು.

ಚುಟುಕಾಗಿ

ಶನಿವಾರದ ಕನ್ನಡ ಕ್ಲಾಸಿಗೆ ಸೇರಿಸಿದರೆ ಸಾಲದೆ? (ಶಿವಮೊಗ್ಗ) ಮಾತಿಗೆ ಸಾಲದು. ವಾರಕ್ಕೆ ಎರಡು ಗಂಟೆ, ವರ್ಷಕ್ಕೆ 35 ವಾರ ಎಂದರೆ 70 ಗಂಟೆ. ಮಗು ಎಚ್ಚರವಿರುವ ಸುಮಾರು 4,700 ಗಂಟೆಗಳಲ್ಲಿ ಅದು ನೂರಕ್ಕೆ ಒಂದೂವರೆ. ಲಿಪಿಗೆ, ಕನ್ನಡದ ಗೆಳೆಯರು ಸಿಗುವುದಕ್ಕೆ ಕ್ಲಾಸು ಒಳ್ಳೆಯದು. ಇಟಲಿ ಸರ್ಕಾರ 1971ರಲ್ಲೇ ಕಾನೂನು ಮಾಡಿ ಹೊರದೇಶದಲ್ಲಿರುವ ತನ್ನ ಕೆಲಸಗಾರರ ಮಕ್ಕಳಿಗೆ ಭಾಷಾ ತರಗತಿ ನಡೆಸುತ್ತ ಬಂದಿದೆ. ಆದರೂ ಅಮೆರಿಕದ ಪ್ರೌಢಶಾಲೆಗಳಿಗೆ 2006ರಲ್ಲಿ ಬಂದ ಎಪಿ (ಕಾಲೇಜು ಮಟ್ಟದ) ಇಟಾಲಿಯನ್ ಪರೀಕ್ಷೆ ಕೂರುವವರು ಸಾಲದೆ 2009ರಲ್ಲಿ ನಿಂತಿತು, ಸಮುದಾಯದವರು ಹಣ ಕೂಡಿಸಿ ಓಡಾಡಿದ ಮೇಲೆ 2012ರಲ್ಲಿ ಮತ್ತೆ ಶುರುವಾಯಿತು.

ಶಾಲೆಯ ಟೀಚರ್ 'ಮನೆಯಲ್ಲೂ ಇಟಾಲಿಯನ್ ಮಾತಾಡಿ' ಎಂದಿದ್ದಾರಂತೆ. ಮಗಳು ಹಾಗೇ ಮಾಡುತ್ತಿದ್ದಾಳೆ. (ಭದ್ರಾವತಿ) ನಿಲ್ಲಿಸಲು ಹೇಳಿ. ನಿಮ್ಮ ಮಗಳ ಅರೆಬರೆ ಇಟಾಲಿಯನ್‌ನಿಂದ ಮಗುವಿಗೆ ಲಾಭವಿಲ್ಲ, ಅದನ್ನು ಶಾಲೆ, ಗೆಳೆಯರು, ಟಿವಿ ಚೆನ್ನಾಗಿಯೇ ಕಲಿಸುತ್ತವೆ. ಟೀಚರ್ ಕೇಳಿದರೆ, ದಿನವೂ ಕನ್ನಡದಲ್ಲಿ ಕಥೆ ಓದುತ್ತೇವೆ, ಲೆಕ್ಕ ಹೇಳಿಕೊಡುತ್ತೇವೆ ಎನ್ನಲಿ. ಇಬ್ಬರು ಮಕ್ಕಳಿದ್ದರೆ ಇನ್ನೂ ಹುಷಾರು. ಶಾಲೆಯ ಭಾಷೆಯನ್ನು ಮನೆಗೆ ಹೊತ್ತು ತರುವುದು ದೊಡ್ಡದು, ಚಿಕ್ಕದು ಅದರಿಂದಲೇ ಕಲಿಯುತ್ತದೆ. ದೊಡ್ಡದು ಶಾಲೆಗೆ ಸೇರಿದ ವರ್ಷ ಊಟದ ಹೊತ್ತಿನ ಮಾತನ್ನಾದರೂ ಕನ್ನಡದಲ್ಲಿ ಬಿಗಿಯಾಗಿ ಹಿಡಿದಿಟ್ಟುಕೊಳ್ಳಬೇಕು.

ಮಗ ಒಂಬತ್ತು ವರ್ಷದಿಂದ ಇಟಲಿಯಲ್ಲಿದ್ದಾನೆ. ಪೌರತ್ವಕ್ಕೆ ಭಾಷಾ ಪರೀಕ್ಷೆ ಇದೆಯೆ? (ಶೃಂಗೇರಿ) ಇದೆ. ಐರೋಪ್ಯ ಒಕ್ಕೂಟದ ಹೊರಗಿನವರಿಗೆ 10 ವರ್ಷ ಕಾನೂನುಬದ್ಧ ವಾಸ ಆಗಿರಬೇಕು. ಅದನ್ನು 5ಕ್ಕೆ ಇಳಿಸಲು 2025ರ ಜೂನ್‌ನಲ್ಲಿ ನಡೆದ ಜನಮತಗಣನೆ ಸಾಕಷ್ಟು ಮತದಾನವಾಗದೆ ಬಿದ್ದುಹೋಯಿತು. 2018ರಿಂದ ಬಿ1 ಮಟ್ಟದ, ಅಂದರೆ ದಿನಬಳಕೆಗೆ ಸಾಲುವ ನಡುಮಟ್ಟದ ಇಟಾಲಿಯನ್ ಪ್ರಮಾಣಪತ್ರವೂ ಬೇಕು. ಸಿಯೆನಾದ ಚಿಲ್ಸ್, ಪೆರೂಜಾದ ಚೆಲಿ, ದಾಂತೆ ಅಲಿಗಿಯೇರಿ ಸಂಸ್ಥೆಯ ಪ್ಲಿದಾ ಈ ಪರೀಕ್ಷೆಗಳಲ್ಲಿ ಯಾವುದಾದರೂ ನಡೆಯುತ್ತದೆ. ಇಟಲಿಯಲ್ಲೇ ಓದಿ ಅಲ್ಲಿನ ಮಾನ್ಯ ಶಾಲೆ, ಕಾಲೇಜಿನ ಪ್ರಮಾಣಪತ್ರವಿದ್ದರೆ ಪರೀಕ್ಷೆ ಬೇಡ. ಐದು ವರ್ಷದ ನಂತರ ಸಿಗುವ ದೀರ್ಘಾವಧಿ ವಾಸದ ಪರವಾನಗಿಗೆ ಒಂದು ಮೆಟ್ಟಿಲು ಕೆಳಗಿನ ಎ2 ಸಾಕು. ಇಟಲಿಯ ಪೌರತ್ವ ಪಡೆದೊಡನೆ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ ಅದರ ಪ್ರಮಾಣಪತ್ರ ಪಡೆದು, ಆಮೇಲೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬೇಕು.